ಬ್ರಹ್ಮಗಿರಿಯ ಕಲ್ಲುಮನೆಗಳು

ಚಿತ್ರದುರ್ಗ ಜಿಲ್ಲೆಯೆಂದೊಡನೆ ಏಳುಸುತ್ತಿನ ಕೋಟೆ, ಹಿರಿಯೂರಿನ ತೇರುಮಲ್ಲೇಶ್ವರ, ಹೊಳಲ್ಕೆರೆಯ ಬಯಲು ಗಣಪತಿ, ಹೊಸದುರ್ಗದ ಬೆಟ್ಟಸಾಲುಗಳು ನೆನಪಾಗುತ್ತವೆ. ಕೋಟೆಗುಡಿಗಳಿಗಿಂತ ಬಹು ಪ್ರಾಚೀನವಾದ ಕ್ಷೇತ್ರವೊಂದು ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಅದುವೇ ಸಿದ್ದಾಪುರದ ಸಮೀಪದ ಬ್ರಹ್ಮಗಿರಿ. ದುರ್ಗದಿಂದ ಚಳ್ಳಕೆರೆಯ ಮಾರ್ಗವಾಗಿ ತೆರಳಿ ನಾವು ಆ ಬೆಟ್ಟದ ತಪ್ಪಲನ್ನು ಸಂದರ್ಶಿಸಿದೆವು.

ಇಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ತಾಯಿತಂದೆಗಳಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು ಎಂಬುದು ಅದರ ಬೋಧೆ. ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಬಂಡೆಯ ಮೇಲೆ ಉಳಿದಿದೆ. ಆದರೆ ಅದೇ ಪರಿಸರದ ಕಲ್ಲುಗೋರಿಗಳ ಮೇಲೆ ಒಂದಕ್ಷರವೂ ಇಲ್ಲ.

ಡಾ. ಎಂ.ಎಚ್. ಕೃಷ್ಣ ಅವರ ಶೋಧನೆಯ ತರುವಾಯ, 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ಹತ್ತು ಗೋರಿಗಳನ್ನು ಅಗೆಸಿ ಪರಿಶೀಲಿಸಿದರು. ಗುಂಡುಗಳ ವೃತ್ತದ ನಡುವೆ ನಾಲ್ಕು ಚಪ್ಪಡಿಗಳನ್ನು, ಒಂದು ಮತ್ತೊಂದಕ್ಕೆ ಒತ್ತಾಗಿ ನಿಂತು ಒಳಕ್ಕೆ ಕುಸಿಯದಂತೆ, ನೆಟ್ಟಿದ್ದಾರೆ. ಮೂಡಣ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು, ಒಂದೇ ಗೂಡಿನಲ್ಲಿ ಹಲವರ ಅಸ್ಥಿಗಳು. ವೀಲರ್ ಅವರು ಇವನ್ನು ಕ್ರಿಸ್ತಪೂರ್ವ 2ನೆಯ ಶತಮಾನದಿಂದೀಚಿನವೆಂದರು. ಅನಂತರದ ವಿದ್ವಾಂಸರು ಆ ಸಂಸ್ಕೃತಿಯ ಆರಂಭವನ್ನು ಇನ್ನೂ ಹಲವು ಶತಮಾನ ಹಿಂದಕ್ಕೆ ಒಯ್ದಿದ್ದಾರೆ.

ಇಂಗ್ಲೆಂಡಿನ ಹಳ್ಳಿಗಳ ಚರ್ಚಿನ ಅಂಗಳದಲ್ಲಿಯೂ ಹಳೆಯ ಕಲ್ಲುಗೋರಿಗಳುಂಟು. ಅವುಗಳ ಮೇಲೆ ಹೆಸರು, ತಾರೀಖುಗಳಿರುತ್ತವೆ. ಅನೇಕಕ್ಕೆ ಕಾನೂನಿನ ರಕ್ಷಣೆಯೂ ಇದೆ. ನಮ್ಮ ಗೋರಿಗಳಿಗೆ ಹೆಸರಿಲ್ಲ, ವಾರಸುದಾರರಿಲ್ಲ. ನಾಡಿನ ಹಲವೆಡೆ ಜನರು ಇಂಥವನ್ನು 'ಮೋರಿಯರ ಮನೆ', 'ಪಾಂಡವರ ಮನೆ' ಎನ್ನುತ್ತಾರೆ. ಹೀಗೆ ಮನೆಯೆಂದು ಕರೆದ ಜನರೇ ಚಪ್ಪಡಿಗಳನ್ನು ಬದುವಿಗೆ, ಹೊಸ್ತಿಲಿಗೆ ಒಯ್ದದ್ದೂ ಉಂಟು. ನಿಧಿಯ ಆಸೆಯಿಂದ ಅಗೆದದ್ದೂ ಉಂಟು. ಅಗೆದವರಿಗೆ ದೊರೆಯುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣವಷ್ಟೆ.

ಲಿಂಗೈಕ್ಯರಾದವರನ್ನು ಭೂಮಿತಾಯಿಯ ಮಡಿಲಲ್ಲಿರಿಸಿ ಗದ್ದುಗೆಗೆ ಹಣೆಮಣಿಯುವವರು ನಾವು. ಆ ಪ್ರಾಚೀನರ ಆಚಾರವೂ ನಮ್ಮದೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಅಗಲಿದವರನ್ನು ಗೌರವದಿಂದ ಮಣ್ಣಿಗೊಪ್ಪಿಸುವುದರ ಅರ್ಥ ನಮಗೆ ತಿಳಿಯದ್ದಲ್ಲ. ಆದ್ದರಿಂದ ಭಕ್ತಬಂಧುಗಳ ಹೊಲದಲ್ಲಿ ಇಂಥ ಕಲ್ಲಿನ ವೃತ್ತವೇನಾದರೂ ಕಂಡುಬಂದರೆ ಅದನ್ನು ಕದಲಿಸದೆ, ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಮಕ್ಕಳನ್ನು ಕರೆದೊಯ್ದು ತೋರಿಸಬೇಕು. ಹೆಸರಿಲ್ಲದ ಹಿರಿಯರಿಗೆ ನಾವು ಸಲ್ಲಿಸಬಹುದಾದ ಸೇವೆ ಇಷ್ಟೇ.