ಅಪ್ಪನ ಬಲಗೈ

ಇಲ್ಲಿ ಬರೆಯದೆ ತಿಂಗಳುಗಳೇ ಆದವು. ಕಾರಣ ಅಪ್ಪನ ಬಲಗೈ.

ಅಪ್ಪನಿಗೆ ಲಕ್ವ ಹೊಡೆಯಿತು. ಆಸ್ಪತ್ರೆ, ಸ್ಕ್ಯಾನು, ಓಡಾಟದ ಕತೆಯೆಲ್ಲ ಬೇಡ ಬಿಡಿ. ಹತ್ತು ದಿನಕ್ಕೆ ಮನೆಗೆ ಬಂದರು. ಹೇಗೋ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಬಲಗೈ ಮಾತ್ರ ಒದ್ದೆ ಟವೆಲ್ಲಿನ ಹಾಗೆ ಜೋತುಬಿದ್ದಿತ್ತು.

ಎಬ್ಬಿಸುವ ಕೆಲಸ ನನ್ನದು. ಕಂಕುಳಿಗೆ ಕೈಹಾಕಿ "ಏಳಪ್ಪ" ಅಂತ ಎತ್ತುತ್ತಿದ್ದೆ. ಮೂರನೇ ವಾರಕ್ಕೆ ಭುಜದಲ್ಲಿ ವಿಪರೀತ ನೋವು. ರಾತ್ರಿ ಮಗ್ಗುಲು ಬದಲಿಸಿದರೂ ನರಳುತ್ತಿದ್ದರು. ಲಕ್ವ ಅಂದಮೇಲೆ ಇರೋದೇ ಅಂದುಕೊಂಡೆವು. "ಬಾಗಿಲಿಗೆ ರಾಟೆ ಕಟ್ಟಿ ಹಗ್ಗ ಎಳೆಸಿ, ಕೈ ತಾನೇ ಮೇಲೇಳತ್ತೆ" ಅಂದರು ಪಕ್ಕದ ಮನೆಯವರು. ರಾಟೆಯನ್ನೂ ತಂದೆ!

ಪುಣ್ಯಕ್ಕೆ ಅವತ್ತೇ ಫಿಸಿಯೋಥೆರಪಿಸ್ಟ್ ಬಂದರು. ಭುಜ ಮುಟ್ಟಿ ನೋಡಿ, "ಇವರನ್ನ ಎಬ್ಬಿಸೋದು ಯಾರು?" ಅಂದರು. "ನಾನೇ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಆಕೆ ವಿವರಿಸಿದ್ದು ಇಷ್ಟು. ತೋಳಿನ ಮೂಳೆಯ ಗುಂಡನೆ ತುದಿ ಕೂರುವ ಗುಳಿ ಆಳವಿಲ್ಲ. ಅದನ್ನು ಜಾಗದಲ್ಲಿ ಹಿಡಿದಿಡುವುದರಲ್ಲಿ ಸುತ್ತಲಿನ ಸ್ನಾಯುಗಳ ಪಾಲು ದೊಡ್ಡದು. ಅವು ಸೋತರೆ ಕೈಯ ಭಾರಕ್ಕೇ ಮೂಳೆ ಕೆಳಗೆ ಜಾರುತ್ತದೆ. ಅಂಥ ಕೈಯನ್ನು ಎಳೆದರೆ, ಕಂಕುಳಲ್ಲಿ ಎತ್ತಿದರೆ, ರಾಟೆ ಹಾಕಿ ಮೇಲಕ್ಕೆ ಜಗ್ಗಿದರೆ ಒಳಗೆ ಪೆಟ್ಟಾಗಬಹುದು.

ನನಗೆ ಮಾತೇ ಹೊರಡಲಿಲ್ಲ. ತೊದಲುತ್ತಾ ಅಪ್ಪನೇ ಅಂದರು: "ಅವನಿಗೇನು ಗೊತ್ತಿತ್ತು, ಪಾಪ."

ಈಗ ಸೊಂಟದ ಹತ್ತಿರ ಹಿಡಿದು ಎಬ್ಬಿಸುತ್ತೇನೆ. ಕೂತಾಗ ಬಲಗೈ ಕೆಳಗೆ ದಿಂಬು. ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ. ದಿನಾ ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಎರಡೂ ಕೈ ಹೆಣೆದು ಅದನ್ನು ಮುಂದೆ ತಳ್ಳುವುದು, ಹಿಂದೆ ತರುವುದು. ಮಹಾ ಬೇಜಾರಿನ ಕೆಲಸ. ಆದರೆ ಹೀಗೆ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿದಾಗಲೇ ಮಿದುಳು ಮರೆತದ್ದನ್ನು ಕಲಿಯುವುದಂತೆ.

ಎಂಟು ತಿಂಗಳಾಯಿತು. ನೋವು ಬಹಳ ಕಡಿಮೆಯಾಗಿದೆ. ಬೆರಳು ಇನ್ನೂ ಪೂರ್ತಿ ಬಿಡಿಸಲು ಬರುವುದಿಲ್ಲ, ಸಹಿ ಎಡಗೈಯಲ್ಲೇ. ನಿನ್ನೆ ಊಟವಾದ ಮೇಲೆ ಅಪ್ಪ ಯಾರೂ ಹೇಳದೆ ಬಲಗೈಯಲ್ಲಿ ಮೇಜು ಒರೆಸಿದರು. "ಅರ್ಧ ಮಾತ್ರ ಒರೆಸಿದ್ದೀರಲ್ರೀ" ಅಂತ ಅಮ್ಮ ಗೊಣಗಿದಳು. ಎಷ್ಟು ದಿನವಾಗಿತ್ತು ಅವಳು ಅಪ್ಪನ ಮೇಲೆ ಗೊಣಗಿ!

ನಿಮ್ಮ ಪರಿಚಯದವರ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಇಷ್ಟು ಹೇಳಿ: ಆ ಕೈ ಹಿಡಿದು ಎಳೆಯಬೇಡಿ. ನಾನು ತಂದ ರಾಟೆ ಅಟ್ಟದ ಮೇಲಿದೆ. ಬಾವಿ ಇರುವವರು ಯಾರಾದರೂ ಬೇಕಿದ್ದರೆ ತೊಗೊಂಡು ಹೋಗಿ :)