ಲೆಕ್ಕ ಎಲ್ಲೂ ಹೋಗಿಲ್ಲ ಚಿಕ್ಕಪ್ಪ

ಹಳ್ಳಿಯಿಂದ ಬಂದು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋರಿಗೆಲ್ಲ ಸಂಬಳವಿಲ್ಲದ ಇನ್ನೊಂದು ಕೆಲಸ ಇದ್ದೇ ಇರುತ್ತೆ. ಊರಲ್ಲಿ ಯಾರ ಪ್ರಿಂಟರ್ ಕೈಕೊಟ್ಟರೂ, ಯಾರ ಮೊಬೈಲ್ ಹ್ಯಾಂಗ್ ಆದರೂ ಫೋನ್ ಬರೋದು ನಮಗೇ. "ನೀನು ಕಂಪ್ಯೂಟರ್‌ನಲ್ಲೇ ಅಲ್ವೇನವ್ವ ಇರೋದು?" ಅಂದರೆ ಏನು ಹೇಳ್ತೀರಿ? ನಾನು ಬರೆಯೋ ಕೋಡ್‌ಗೂ ಊರಿನ ಪ್ರಿಂಟರ್‌ಗೂ ಸಂಬಂಧವಿಲ್ಲ ಅಂತ ವಿವರಿಸೋದಕ್ಕಿಂತ ರಿಪೇರಿ ಮಾಡಿಕೊಡೋದೇ ಸುಲಭ.

ನಮ್ಮದು ಸಾಲಗಾಮೆ ಹೋಬಳಿಯ ಒಂದು ಹಳ್ಳಿ. ಆಲೂಗಡ್ಡೆ, ಜೋಳ, ಶುಂಠಿ ಯಾವ ವರ್ಷ ಕೈಹಿಡಿಯುತ್ತೆ, ಯಾವ ವರ್ಷ ಬಿಡುತ್ತೆ ಹೇಳೋಕಾಗಲ್ಲ. ಮನೆಖರ್ಚು ನಡೆಯೋದು ಡೈರಿಗೆ ಹಾಕೋ ಹಾಲಿನ ದುಡ್ಡಲ್ಲಿ. ಚಿಕ್ಕಪ್ಪ ಅಲ್ಲಿ ಸೆಕ್ರೆಟರಿ.

ಡೈರಿ ಕೌಂಟರ್‌ನಲ್ಲಿ ಒಂದು ಕಂಪ್ಯೂಟರ್ ಇದೆ. ಹಾಲು ತೂಕ ಮಾಡಿ, ಸ್ಯಾಂಪಲ್ ಮೆಷಿನ್‌ಗೆ ಹಾಕಿದರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಬರುತ್ತೆ, ಅದರ ಮೇಲೆ ರೇಟು, ಚೀಟಿ. ಆದರೆ ಆ ಲೆಕ್ಕ ಕೌಂಟರ್ ಕಂಪ್ಯೂಟರಲ್ಲಿ ಇರೋದಿಲ್ಲ. ಒಳಗಿನ ರೂಮಿನ ಇನ್ನೊಂದು ಕಂಪ್ಯೂಟರಲ್ಲಿ ಒಂದು ಡೇಟಾಬೇಸ್ ಇದೆ, ಎಲ್ಲ ಅಲ್ಲಿಗೇ ಹೋಗಿ ಕೂರುತ್ತೆ. ಎರಡರ ನಡುವೆ ಒಂದು ರೂಟರ್, ಎರಡು ವೈರು.

ಹೋದ ಮಳೆಗಾಲದ ಒಂದು ಬೆಳಗ್ಗೆ ಆರೂ ಕಾಲಿಗೆ ಚಿಕ್ಕಪ್ಪನ ಫೋನ್. "ಎದ್ದಿದ್ದೀಯೇನವ್ವ? ಪ್ರೋಗ್ರಾಮ್ ಓಪನ್ ಆಗ್ತಿಲ್ಲ. ಡೇಟಾಬೇಸ್ ಕನೆಕ್ಷನ್ ಎರರ್ ಅಂತದೆ. ಜನ ಕ್ಯೂ ನಿಂತವ್ರೆ." ಅವತ್ತು ಸಂಜೆಯೇ ಬಟವಾಡೆ ಪಟ್ಟಿ ಬ್ಯಾಂಕಿಗೆ ಹೋಗಬೇಕಿತ್ತು. ಹಿಂದೆ ಯಾರೋ, "ಹಾಸನದಿಂದ ಹುಡುಗನ್ನ ಕರೆಸಿ ಫಾರ್ಮ್ಯಾಟ್ ಹೊಡೆಸಿ, ಸರಿಹೋಗ್ತದೆ" ಅಂತಿದ್ದರು. ಅದಕ್ಕಿಂತ ಸ್ಪಷ್ಟವಾಗಿ ಕೇಳಿದ್ದು ಒಂದು ಅಜ್ಜಿಯ ದನಿ: "ಹಂಗಾರೆ ನನ್ನ ಹಾಲಿನ ಲೆಕ್ಕ ಹೋಯ್ತಾ ಮಗ?"

ಆ ಅಜ್ಜಿಗಿರೋದು ಒಂದೇ ಹಸು. ಮೊಮ್ಮಗನ ಸ್ಕೂಲ್ ಫೀಸು ಆ ಹಸುವಿಂದಲೇ.

ನಾನು ಮೊದಲು ಹೇಳಿದ್ದು ಇಷ್ಟೇ: "ಲೆಕ್ಕ ಎಲ್ಲೂ ಹೋಗಿಲ್ಲ ಚಿಕ್ಕಪ್ಪ. ಈಗ ಬರೋ ಹಾಲು ರಿಜಿಸ್ಟರಲ್ಲಿ ಪೆನ್ನಲ್ಲಿ ಬರ್ಕೊಳ್ಳಿ. ಫಾರ್ಮ್ಯಾಟ್ ಮಾತ್ರ ಯಾರೂ ಮಾಡಬಾರದು."

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಕನೆಕ್ಷನ್ ಎರರ್ ಅಂದರೆ ಸಾಮಾನ್ಯವಾಗಿ ಡೇಟಾ ಹಾಳಾಗಿದೆ ಅಂತಲ್ಲ, ಅಲ್ಲಿಗೆ ಹೋಗೋ ದಾರಿ ಸಿಗ್ತಿಲ್ಲ ಅಂತ. ಕಣಜದ ಬಾಗಿಲು ತೆಗೀತಿಲ್ಲ ಅಂದ ಮಾತ್ರಕ್ಕೆ ರಾಗಿ ಖಾಲಿಯಾಗಿರುತ್ತಾ? ಆದರೆ ಬಾಗಿಲು ತೆಗೀತಿಲ್ಲ ಅಂತ ಕಣಜವನ್ನೇ ಒಡೆದರೆ ರಾಗಿ ಮಣ್ಣುಪಾಲು. ಡೇಟಾಬೇಸ್ ಇರೋ ಕಂಪ್ಯೂಟರನ್ನ ಫಾರ್ಮ್ಯಾಟ್ ಮಾಡೋದು ಅಂದರೆ ಅದೇ.

ಆಮೇಲೆ ಎರರ್‌ನ ಫೋಟೋ ತೆಗೆದು ಕಳಿಸಿ ಅಂದೆ. ಎಲ್ಲರೂ ಓಕೆ ಒತ್ತಿ ಓಡಿಸಿಬಿಡೋ ಆ ಡಬ್ಬಿಯಲ್ಲೇ ಅರ್ಧ ಉತ್ತರ ಇರುತ್ತೆ. ಈ ಪ್ರೋಗ್ರಾಮ್ ಬಳಸೋದು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್, ದುಡ್ಡು ಕೊಡಬೇಕಿಲ್ಲದ ಆವೃತ್ತಿ. ಅದರಲ್ಲಿ 18456 ನಂಬರ್ ಬಂದರೆ ಬಾಗಿಲವರೆಗೂ ಹೋಗಿದ್ದೀವಿ, ಕೀಲಿ ಸರಿಯಿಲ್ಲ, ಅಂದರೆ ಯೂಸರ್ ಹೆಸರೋ ಪಾಸ್‌ವರ್ಡೋ ತಪ್ಪು. 26 ಅಥವಾ 40 ಬಂದರೆ ಬಾಗಿಲೇ ಸಿಕ್ಕಿಲ್ಲ. ನಮ್ಮದು 26. ಹಾಗಾಗಿ ಪಾಸ್‌ವರ್ಡ್ ತಂಟೆಗೆ ಹೋಗೋ ಅಗತ್ಯವೇ ಇರಲಿಲ್ಲ.

ಬಾಗಿಲು ಸಿಗದೇ ಇರೋಕೆ ಕಾರಣಗಳು ಕೆಲವೇ. ಒಳಗಿನ ಕಂಪ್ಯೂಟರ್ ಆನ್ ಇಲ್ಲದಿರಬಹುದು. ಆನ್ ಇದ್ದರೂ ಡೇಟಾಬೇಸ್ ಸರ್ವಿಸ್ ಶುರುವಾಗದೇ ಇರಬಹುದು. ವೈರು ಸಡಿಲ ಇರಬಹುದು. ಫೈರ್‌ವಾಲ್ ತಡೀತಿರಬಹುದು. ಇಲ್ಲವೇ ವಿಳಾಸ ಬದಲಾಗಿರಬಹುದು. ಸುಲಭದ್ದರಿಂದ ಶುರು ಮಾಡಿ ಒಂದೊಂದೇ ನೋಡಿದೆವು. ಕಂಪ್ಯೂಟರ್ ಆನ್ ಇತ್ತು. ವಿಂಡೋಸ್‌ನ ಸರ್ವಿಸಸ್ ಪಟ್ಟಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಮುಂದೆ 'ರನ್ನಿಂಗ್' ಅಂತಲೇ ಇತ್ತು. ಒಳಗಿನ ರೂಮಲ್ಲೇ ಪ್ರೋಗ್ರಾಮ್ ತೆಗೆದರೆ ಓಪನ್ ಆಯ್ತು. ಅಜ್ಜಿಯ ಲೆಕ್ಕ ತೆಗೆಸಿ ನೋಡಿದೆವು, ಹಿಂದಿನ ಸಂಜೆಯ ಹಾಲಿನವರೆಗೂ ಇತ್ತು. ಚಿಕ್ಕಪ್ಪ ಹೊರಗೆ ಹೋಗಿ ಕೂಗಿ ಹೇಳಿದ್ದು ಫೋನಲ್ಲೇ ಕೇಳಿಸಿತು.

ಸರಿ, ಡೇಟಾಬೇಸ್ ನೆಟ್ಟಗಿದೆ. ಕೌಂಟರಿಂದ ಅಲ್ಲಿಗೆ ದಾರಿ ಇದೆಯಾ? ಪ್ರೋಗ್ರಾಮ್‌ನ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ವಿಳಾಸ 192.168.1.5 ಅಂತ ಇತ್ತು. ಕೌಂಟರಿಂದ ಆ ವಿಳಾಸಕ್ಕೆ ಪಿಂಗ್ ಮಾಡಿಸಿದರೆ ಉತ್ತರವೂ ಬಂತು! ಬಹಳ ಜನ ದಾರಿ ತಪ್ಪೋದು ಇಲ್ಲೇ. ಉತ್ತರ ಬಂತು ಅಂದರೆ ಆ ವಿಳಾಸದಲ್ಲಿ ಯಾರೋ ಇದ್ದಾರೆ ಅಂತ ಮಾತ್ರ ಅರ್ಥ. ನಮಗೆ ಬೇಕಾದವರೇ ಇದ್ದಾರೆ ಅಂತಲ್ಲ.

ಹಾಗಾಗಿ ಒಳಗಿನ ಕಂಪ್ಯೂಟರ್‌ನ ವಿಳಾಸ ಏನು ಅಂತ ಅದನ್ನೇ ಕೇಳಬೇಕಿತ್ತು. ಕಪ್ಪು ಪರದೆ ತೆಗೆಸಿ 'ಐಪಿಕಾನ್ಫಿಗ್' ಅಂತ ಟೈಪ್ ಮಾಡಿಸಬೇಕು. ಫೋನಲ್ಲಿ ಬಿ, ಡಿ, ಪಿ ಎಲ್ಲ ಒಂದೇ ಥರ ಕೇಳುತ್ತೆ. "ಐ ಅಂದ್ರೆ ಇಡ್ಲಿ, ಪಿ ಅಂದ್ರೆ ಪೂರಿ, ಸಿ ಅಂದ್ರೆ ಚಿತ್ರಾನ್ನ, ಒ ಅಂದ್ರೆ ಒಬ್ಬಟ್ಟು, ಎನ್ ಅಂದ್ರೆ ನಿಪ್ಪಟ್ಟು" ಅಂದೆ. ಎಫ್‌ಗೆ ತಿಂಡಿ ಸಿಗದೆ ಫ್ಯಾಟ್ ಅಂದೆ. ಡೈರಿಯವರಿಗೆ ಅದು ಎಲ್ಲಕ್ಕಿಂತ ಬೇಗ ಅರ್ಥವಾಯ್ತು. ಮತ್ತೆ ಇಡ್ಲಿ, ಕೊನೆಗೆ ಜಿ ಅಂದ್ರೆ ಗೊಜ್ಜು. "ಬೆಳಗ್ಗೆ ಬೆಳಗ್ಗೆ ಹೊಟ್ಟೆ ಉರಿಸ್ತೀಯಲ್ಲವ್ವ" ಅಂದರು.

ಪರದೆ ಮೇಲೆ ಬಂದದ್ದು 192.168.1.8.

ಕಾರಣ ಹೊರಬಿತ್ತು. ಎರಡು ದಿನದ ಹಿಂದೆ ಡೈರಿಗೆ ಸಿಸಿಟಿವಿ ಹಾಕಿಸಿದ್ದರು. ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂದಾಗ ರೂಟರ್ ಎಲ್ಲರಿಗೂ ಹೊಸದಾಗಿ ವಿಳಾಸ ಹಂಚಿದೆ. ಮೊದಲು ಎದ್ದ ಸಿಸಿಟಿವಿ ಡಬ್ಬಿಗೆ 5 ಸಿಕ್ಕಿದೆ, ಡೇಟಾಬೇಸ್ ಕಂಪ್ಯೂಟರ್‌ಗೆ 8. ಕೌಂಟರ್ ಪಾಪ ಹಳೇ ವಿಳಾಸಕ್ಕೆ ಹೋಗಿ, ಸಿಸಿಟಿವಿ ಹತ್ತಿರ ಹಾಲಿನ ಲೆಕ್ಕ ಕೇಳ್ತಾ ನಿಂತಿತ್ತು.

ಸೆಟ್ಟಿಂಗ್ಸ್‌ನಲ್ಲಿ ನಂಬರ್ ತೆಗೆಸಿ ಒಳಗಿನ ಕಂಪ್ಯೂಟರ್‌ನ ಹೆಸರನ್ನೇ ಹಾಕಿಸಿದೆ. ವಿಳಾಸ ಬದಲಾದರೂ ಹೆಸರು ಬದಲಾಗಲ್ಲವಲ್ಲ. ಏಳೂ ಹತ್ತಕ್ಕೆ ಚೀಟಿ ಬರೋಕೆ ಶುರುವಾಯ್ತು. ರಿಜಿಸ್ಟರಲ್ಲಿ ಬರೆದದ್ದನ್ನ ಮಧ್ಯಾಹ್ನ ಏರಿಸಿದರು, ಸಂಜೆ ಪಟ್ಟಿ ಬ್ಯಾಂಕಿಗೆ ಹೋಯ್ತು.

ಆ ಶನಿವಾರ ಊರಿಗೆ ಹೋದಾಗ ಉಳಿದದ್ದು ಮುಗಿಸಿದೆ. ರೂಟರಲ್ಲಿ ಡೇಟಾಬೇಸ್ ಕಂಪ್ಯೂಟರ್‌ಗೆ ಒಂದು ವಿಳಾಸ ಕಾಯಂ ಮಾಡಿದೆ. ರೂಟರನ್ನೂ ಯುಪಿಎಸ್‌ಗೆ ಸೇರಿಸಿದೆ. ನಿಜವಾಗಿ ಎದೆ ಧಸಕ್ಕೆಂದಿದ್ದು ಬ್ಯಾಕಪ್ ಹುಡುಕಿದಾಗ. ಇದ್ದದ್ದು ಒಂದೇ, ಅದೂ ಅದೇ ಕಂಪ್ಯೂಟರ್‌ನ ಸಿ ಡ್ರೈವ್‌ನಲ್ಲಿ. ಅವತ್ತು ಫಾರ್ಮ್ಯಾಟ್ ಮಾಡಿದ್ದರೆ ಲೆಕ್ಕವೂ ಬ್ಯಾಕಪ್ಪೂ ಒಟ್ಟಿಗೇ ಹೋಗ್ತಿದ್ದವು. ಎಷ್ಟೋ ಮನೆಯವರ ಹಾಲಿನ ದುಡ್ಡು ಬರೀ ಬಾಯಿಮಾತಾಗಿ ಉಳೀತಿತ್ತು.

ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ದಿನಾ ತಾನಾಗಿ ಬ್ಯಾಕಪ್ ಮಾಡೋ ಏಜೆಂಟ್ ಇರೋದಿಲ್ಲ. ಹಾಗಾಗಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಲ್ಲಿ ರಾತ್ರಿ ಒಂಬತ್ತಕ್ಕೆ ಬ್ಯಾಕಪ್ ಆಗೋ ಹಾಗೆ ಮಾಡಿಟ್ಟೆ. ವಾರಕ್ಕೊಮ್ಮೆ ಅದು ಪೆನ್‌ಡ್ರೈವ್‌ಗೆ ಹೋಗುತ್ತೆ, ಪೆನ್‌ಡ್ರೈವ್ ಚಿಕ್ಕಮ್ಮನ ಬೀರುವಿಗೆ. ಒಂದು ಬ್ಯಾಕಪ್ ತೆಗೆದು ಬೇರೆ ಲ್ಯಾಪ್‌ಟಾಪಲ್ಲಿ ತೆರೆದೂ ನೋಡಿದೆ. ತೆರೆದು ನೋಡದ ಬ್ಯಾಕಪ್ಪನ್ನ ನಂಬೋ ಹಾಗಿಲ್ಲ.

ನಿಮ್ಮ ಮನೆಯವರದೂ ಗೊಬ್ಬರದಂಗಡಿಯೋ, ಮೆಡಿಕಲ್ ಶಾಪೋ, ಸೊಸೈಟಿಯೋ ಇರಬಹುದು. ಅಲ್ಲೂ ಇಂಥದೇ ಒಂದು ಪ್ರೋಗ್ರಾಮ್ ಓಡ್ತಿರಬಹುದು. ಮುಂದಿನ ಸಲ ಊರಿಗೆ ಹೋದಾಗ ಅರ್ಧ ಗಂಟೆ ಕೂತು ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದು ಗೋಡೆಗೆ ಅಂಟಿಸಿ: ಡೇಟಾಬೇಸ್ ಯಾವ ಕಂಪ್ಯೂಟರಲ್ಲಿದೆ, ಅದರ ಹೆಸರೇನು, ಬ್ಯಾಕಪ್ ಎಲ್ಲಿದೆ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಪಾಸ್‌ವರ್ಡ್ ಮಾತ್ರ ಗೋಡೆ ಮೇಲೆ ಬೇಡ, ಬೀರುವಿನಲ್ಲಿರಲಿ. ಕೊನೆಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿ: ಕೇಳದೆ ಫಾರ್ಮ್ಯಾಟ್ ಮಾಡಬೇಡಿ.