ಎಂಟೆಬೆಗೆ ಹೊರಡುವ ಮುನ್ನ

ವಿಕ್ಟೋರಿಯಾ ಸರೋವರದ ದಂಡೆಯಲ್ಲಿರುವ ಎಂಟೆಬೆ ಪಟ್ಟಣವನ್ನು ಕಾಣಬೇಕೆಂಬ ಆಸೆಯುಳ್ಳ ವಾಚಕರು ಪೆಟ್ಟಿಗೆ ಕಟ್ಟುವುದಕ್ಕೆ ಮೊದಲೇ ತಮ್ಮ ತೋಳನ್ನು ಸೂಜಿಗೆ ಒಡ್ಡಬೇಕಾಗುತ್ತದೆ. ಯುಗಾಂಡ ದೇಶವು ಪೀತಜ್ವರದ ನೆಲೆ. ಅದರ ಲಸಿಕೆಯನ್ನು ಹಾಕಿಸಿಕೊಂಡು, ಹಳದಿ ಬಣ್ಣದ ಕಿರುಪುಸ್ತಕದಲ್ಲಿ ವೈದ್ಯರ ಸಹಿಯನ್ನೂ ಮೊಹರನ್ನೂ ಪಡೆದು ಬರಬೇಕೆಂಬುದು ಆ ದೇಶದ ಕಟ್ಟಳೆ. ಸೂಜಿ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಆ ಪತ್ರಕ್ಕೆ ಬೆಲೆ. ಆದುದರಿಂದ ಇಂದು ಸೂಜಿ, ನಾಳೆ ವಿಮಾನ ಎನ್ನುವಂತಿಲ್ಲ.

ಕಂಪಾಲದಲ್ಲಿ ಉದ್ಯೋಗದಲ್ಲಿರುವ ನನ್ನ ಭಾವಮೈದುನನ ಒತ್ತಾಯಕ್ಕೆ ಮಣಿದು ನಾನು ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೊರಟೆ. ಈ ಮದ್ದು ಸರ್ಕಾರ ಗೊತ್ತುಮಾಡಿದ ಕೆಲವೇ ಕೇಂದ್ರಗಳಲ್ಲಿ ದೊರೆಯುತ್ತದೆ. ಒಂದೊಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಪುಡಿ. ದ್ರವ ಬೆರೆಸಿದ ಮೇಲೆ ಕೆಲವು ಗಂಟೆಗಳೊಳಗೆ ಅದನ್ನು ಮುಗಿಸಬೇಕು. ಆದಕಾರಣ ಜನ ಕೂಡುವವರೆಗೆ ಬೆಂಚಿನ ಮೇಲೆ ಕಾಯಬೇಕಾಯಿತು. ಮೊಮ್ಮಗನನ್ನು ಕರೆತಂದಿದ್ದ ಮಂಗಳೂರಿನ ವೃದ್ಧ ನಾವಿಕರೊಬ್ಬರು ಪಕ್ಕದಲ್ಲಿದ್ದರು. “ನಮ್ಮ ಕಾಲದಲ್ಲಿ ಸಿಡುಬಿಗೊಂದು, ಕಾಲರಾಕ್ಕೊಂದು, ಇದಕ್ಕೊಂದು ಮೊಹರು ಬೇಕಿತ್ತು ಮಾಸ್ಟ್ರೇ. ಇದನ್ನಂತೂ ಹತ್ತು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು” ಎಂದರು. ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಸಾರಲಾಯಿತು. ಪೀತಜ್ವರದ ಪತ್ರವೂ 2016ರ ಜುಲೈ ತಿಂಗಳಿಂದ ಆಯುಷ್ಯಪರ್ಯಂತ ಸಲ್ಲುತ್ತದೆ.

“ಮೊಟ್ಟೆ ತಿಂದರೆ ಮೈಮೇಲೆ ಗಂಧೆ ಏಳುತ್ತದೆಯೆ?” ಎಂದು ವೈದ್ಯೆ ಕೇಳಿದರು. ಲಸಿಕೆಯನ್ನು ಬೆಳೆಸುವುದು ಕೋಳಿಮೊಟ್ಟೆಯಲ್ಲಿ. ತಿಂದೇ ನೋಡದವನು ಏನೆಂದು ಉತ್ತರಿಸಬೇಕು? ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು, ಏನೂ ಆಗದಿದ್ದುದನ್ನು ಕಂಡು ಕಳುಹಿಸಿದರು. ಗರ್ಭಿಣಿಯರು, ಎಳೆಗೂಸುಗಳು, ಅರುವತ್ತು ದಾಟಿದವರು, ಇವರ ವಿಷಯದಲ್ಲಿ ವಿಚಾರಣೆ ಇನ್ನೂ ಹೆಚ್ಚು. ಏಕೆಂದರೆ ಇದು ಜೀವಂತ ವೈರಾಣುವಿನಿಂದಲೇ ಮಾಡಿದ ಮದ್ದು. ಮಲೇರಿಯಾದ ಗುಳಿಗೆಗಳನ್ನೂ ಅವರೇ ಬರೆದುಕೊಟ್ಟರು.

ಎಂಟೆಬೆಯಿಂದ ಕಂಪಾಲಕ್ಕೆ ಹೋಗುವ ಹೆದ್ದಾರಿಯ ಸಮೀಪದಲ್ಲಿ, ಸರೋವರದ ಜೌಗಿನ ಅಂಚಿಗೆ ಝಿಕಾ ಎಂಬ ಪುಟ್ಟ ಕಾಡಿದೆ. ನಮ್ಮ ಆಗುಂಬೆಯನ್ನು ಕಂಡವರಿಗೆ ಅದು ಕಾಡೆನಿಸದು, ತೋಪೆನಿಸೀತು. ಅದರ ನಡುವೆ ಸುಮಾರು 120 ಅಡಿ ಎತ್ತರದ ಉಕ್ಕಿನ ಗೋಪುರವೊಂದು ನಿಂತಿದೆ. ಯಾವ ಹೊತ್ತಿನಲ್ಲಿ, ಮರದ ಯಾವ ಎತ್ತರದಲ್ಲಿ, ಯಾವ ಸೊಳ್ಳೆ ಕಚ್ಚುತ್ತದೆಂಬುದನ್ನು ವಿಜ್ಞಾನಿಗಳು ಅದನ್ನು ಹತ್ತಿ ಕುಳಿತು ಲೆಕ್ಕವಿಟ್ಟರು. ರಾಕ್‌ಫೆಲರ್ ಪ್ರತಿಷ್ಠಾನವು 1936ರಲ್ಲಿ ಎಂಟೆಬೆಯಲ್ಲಿ ಪೀತಜ್ವರದ ಸಂಶೋಧನಾಲಯವನ್ನು ಸ್ಥಾಪಿಸಿತ್ತು. 1947ರಲ್ಲಿ ಈ ಕಾಡಿನಲ್ಲಿ ಪಂಜರದಲ್ಲಿರಿಸಿದ್ದ ಕೋತಿಯೊಂದಕ್ಕೆ ಜ್ವರ ಬಂದಿತು. ಪೀತಜ್ವರವನ್ನು ಅರಸುತ್ತಿದ್ದವರಿಗೆ ಸಿಕ್ಕಿದ್ದು ಬೇರೊಂದು ವೈರಾಣು. ಅದಕ್ಕೆ ಕಾಡಿನ ಹೆಸರನ್ನೇ ಇಟ್ಟರು.

ಆ ಕೋತಿ ಆಫ್ರಿಕದ್ದಲ್ಲ. ನಮ್ಮ ಉತ್ತರ ಭಾರತದ ಊರುಗಳಲ್ಲಿ ಕಾಣುವ ಕೆಂಪುಮೂತಿಯ ರೀಸಸ್ ಜಾತಿಯದು. ಆಫ್ರಿಕದ ಕೋತಿಗಳು ಪೀತಜ್ವರವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ನಮ್ಮದು ಸಾಯುತ್ತದೆ. ಇಂದಿನ ಘಾನಾ ದೇಶದಲ್ಲಿ 1927ರಲ್ಲಿ ಅಸಿಬಿ ಎಂಬ ರೋಗಿಯ ನೆತ್ತರನ್ನು ಇಂಥದೇ ಕೋತಿಗೆ ಚುಚ್ಚಿದಾಗ ಪೀತಜ್ವರದ ವೈರಾಣು ಕೈಗೆ ಸಿಕ್ಕಿತು. ಅಸಿಬಿ ಬದುಕಿದ, ಕೋತಿ ಸತ್ತಿತು, ಸಂಶೋಧಕರಲ್ಲೊಬ್ಬರಾದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಅದೇ ಜ್ವರಕ್ಕೆ ಬಲಿಯಾದರು. ಆ ವೈರಾಣುವನ್ನು ಪಳಗಿಸಿ ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರು 1937ರಲ್ಲಿ ಲಸಿಕೆಯನ್ನು ಸಿದ್ಧಪಡಿಸಿದರು. ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಹುಮಾನ ಬಂದಿತು. ನನ್ನ ತೋಳಿಗೆ ಇಳಿದದ್ದು ಅಸಿಬಿಯ ನೆತ್ತರಿನಲ್ಲಿದ್ದ ವೈರಾಣುವಿನ ಸಂತತಿಯೇ.

ಗೋಪುರದ ಬುಡದಲ್ಲಿ ನಿಂತಾಗ ಶಿವಮೊಗ್ಗ ಜಿಲ್ಲೆಯವನಾದ ನನಗೆ ಕ್ಯಾಸನೂರು ನೆನಪಾಯಿತು. 1957ರಲ್ಲಿ ಸೊರಬ ತಾಲೂಕಿನ ಆ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಳ್ಳಿಗರು ಜ್ವರದಿಂದ ಮಲಗಿದರು. ಪೀತಜ್ವರವು ಭಾರತಕ್ಕೆ ಬಂದೇಬಿಟ್ಟಿತೆ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿದರು. ಅದು ಉಣುಗು ಹರಡುವ ಮತ್ತೊಂದು ವೈರಾಣುವೆಂದು ತಿಳಿಯಿತು. ಮಲೆನಾಡಿಗರು ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಅದು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಅವರ ಅಂಜಿಕೆಗೆ ಕಾರಣವಿತ್ತು. ಪೀತಜ್ವರವನ್ನು ಊರುಗಳಲ್ಲಿ ಹರಡುವ ಈಡಿಸ್ ಸೊಳ್ಳೆ ನಮ್ಮ ಮನೆಗಳ ತೊಟ್ಟಿಯಲ್ಲಿ, ಹಳೆಯ ಟೈರಿನಲ್ಲಿ ಧಾರಾಳವಾಗಿದೆ; ಡೆಂಗೆ ತರುವುದೂ ಅದೇ. ಸೊಳ್ಳೆ ಉಂಟು, ವೈರಾಣುವೊಂದು ಇಲ್ಲ. 2016ರಲ್ಲಿ ಅಂಗೋಲದಿಂದ ಮರಳಿದ 11 ಮಂದಿ ಚೀನೀಯರಲ್ಲಿ ಈ ಜ್ವರ ಕಂಡಿತು. ಏಷ್ಯ ಖಂಡಕ್ಕೆ ಅದು ಕಾಲಿಟ್ಟದ್ದು ಅದೇ ಮೊದಲು. ಪುಣ್ಯಕ್ಕೆ ಅಲ್ಲಿ ಹರಡಲಿಲ್ಲ.

ಬೆಂಗಳೂರಿನಲ್ಲಿ ಇಳಿದಾಗ ಆರೋಗ್ಯಾಧಿಕಾರಿ ನನ್ನ ಪುಸ್ತಕವನ್ನು ನೋಡಿ ಹಿಂತಿರುಗಿಸಿದರು. ನನ್ನ ಹಿಂದಿದ್ದ ತರುಣನ ಪುಸ್ತಕ ಕಂಪಾಲದ ಕೋಣೆಯಲ್ಲೇ ಉಳಿದಿತ್ತು. “ನನಗೆ ಜ್ವರವೇ ಇಲ್ಲವಲ್ಲ ಸಾರ್” ಎಂದನು. “ಇಲ್ಲದಿರಬಹುದಪ್ಪಾ, ಸೊಳ್ಳೆ ಇದೆಯಲ್ಲ” ಎಂದರು ಅವರು. ಯುಗಾಂಡವನ್ನು ಬಿಟ್ಟ ದಿನದಿಂದ ಆರು ದಿನ ತುಂಬುವವರೆಗೆ, ಇಲ್ಲವೆ ಪತ್ರ ಬರುವವರೆಗೆ ಅವನು ಪ್ರತ್ಯೇಕವಾಗಿರಬೇಕು. ಹೊರಗೆ ಅವನ ತಾಯಿ ಕಾದಿದ್ದರು. ಆ ಸಂಗತಿಯನ್ನು ಅವರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿತು. “ಊಟಕ್ಕೇನು ಕೊಡುತ್ತಾರಂತೆ?” ಎಂದು ಅವರು ಕೇಳಿದರು.